ಮೀಟಿಂಗ್ ಮುಗಿದ ಮೇಲಿನ ಆರು ದಿನ: ಕರಾವಳಿಯ ಸೇವಾ ಕ್ಲಬ್ ನಡೆಸುವವರಿಗೆ

ರೋಟರಿ ಇರಲಿ, ಲಯನ್ಸ್ ಇರಲಿ, ಊರಿನ ಯುವಕ ಮಂಡಳವೇ ಇರಲಿ, ವಾರದ ಮೀಟಿಂಗ್ ನಮ್ಮ ಕಡೆ ಹೆಚ್ಚಾಗಿ ಒಂದೇ ರೀತಿ ನಡೆಯುತ್ತದೆ. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಶಾಲು, ಹಾರ, ಭಾಷಣ, ವಂದನಾರ್ಪಣೆ, ಊಟ. ಎಲ್ಲರೂ ಖುಷಿಯಿಂದಲೇ ಮನೆಗೆ ಹೋಗುತ್ತಾರೆ. ಮರುದಿನ ಒಬ್ಬ ಸದಸ್ಯರನ್ನು ಪೇಟೆಯಲ್ಲಿ ನಿಲ್ಲಿಸಿ ‘ನಿನ್ನೆ ಏನು ತೀರ್ಮಾನ ಆಯಿತು?’ ಎಂದು ಕೇಳಿ ನೋಡಿ. ಅತಿಥಿ ಚೆನ್ನಾಗಿ ಮಾತಾಡಿದರು ಅನ್ನುತ್ತಾರೆ, ಅಷ್ಟೇ.

ಕ್ಲಬ್ ಬದುಕಿರುವುದು ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವವರೆಗಿನ ಆರು ದಿನಗಳಲ್ಲಿ. ಆ ಆರು ದಿನ ಯಾರು ಏನು ಮಾಡಬೇಕು ಎಂದು ಹಂಚಿಕೊಳ್ಳಲು, ಮಾಡಿದ್ದನ್ನು ಕೇಳಿಸಿಕೊಳ್ಳಲು ಮೀಟಿಂಗ್ ಬೇಕು. ಇದನ್ನು ಹೊಸದಾಗಿ ಸೆಕ್ರೆಟರಿ ಅಥವಾ ಅಧ್ಯಕ್ಷರಾದವರಿಗಾಗಿ ಬರೆಯುತ್ತಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯವರಿಗೆ ಜಾಸ್ತಿ ಹೊಂದುತ್ತದೆ. ಶಿರಸಿ, ಸಿದ್ದಾಪುರದವರು ಹವಾಮಾನಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು ದಿನ ಮತ್ತು ಹೊತ್ತು

ದಿನ ಒಂದೇ ಇರಲಿ, ಪದೇ ಪದೇ ಬದಲಿಸಬೇಡಿ. ಊರಿನ ಸಂತೆ ದಿನ ಬಿಡಿ. ಕಾರವಾರದಲ್ಲಾದರೆ ಭಾನುವಾರ ಸಂತೆ, ಅಂಗಡಿಯವರು ಅವತ್ತು ಎಲ್ಲಿಗೂ ಬರುವುದಿಲ್ಲ. ಕೈಗಾದಲ್ಲಿ ಪಾಳಿ ಕೆಲಸ ಮಾಡುವ ಸದಸ್ಯರಿದ್ದರೆ ಅವರ ಪಾಳಿ ಕೇಳಿಕೊಳ್ಳಿ. ಇನ್ನೊಂದು ವಿಷಯ, ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. 1987ರಲ್ಲಿ ಲಯನ್ಸ್, 1989ರಲ್ಲಿ ರೋಟರಿ ಪ್ರಪಂಚದಾದ್ಯಂತ ಮಹಿಳೆಯರಿಗೆ ಸದಸ್ಯತ್ವ ತೆರೆದವು. ಆದರೂ ರಾತ್ರಿ ಎಂಟೂವರೆಗೆ ಮೀಟಿಂಗ್ ಇಟ್ಟು, ಹತ್ತೂವರೆಗೆ ಊಟ ಮುಗಿಸಿ, ‘ಹೆಣ್ಣುಮಕ್ಕಳು ಸೇರುವುದೇ ಇಲ್ಲ’ ಎಂದು ಬೇಸರ ಮಾಡಿಕೊಂಡರೆ ಹೇಗೆ? ಮನೆಯಲ್ಲಿ ಅಡುಗೆ, ಮಕ್ಕಳ ಓದು, ಮಳೆಗಾಲದಲ್ಲಿ ಹೋದ ಕರೆಂಟು, ಇದೆಲ್ಲ ಅವರ ಪಾಲಿಗೇ ಬಂದಿರುತ್ತದೆ. ಸಂಜೆ ಆರೂಕಾಲಿಗೆ ಶುರು ಮಾಡಿ ಏಳೂಕಾಲಿಗೆ ಮುಗಿಸಿ. ಊಟದ ಬದಲು ಚಾ, ಅವಲಕ್ಕಿ ಸಾಕು. ಖರ್ಚೂ ಇಳಿಯುತ್ತದೆ, ಬರುವವರೂ ಹೆಚ್ಚುತ್ತಾರೆ.

ಪ್ರತಿ ವಾರ ಕೂತು ಮೀಟಿಂಗ್ ಮಾಡಲೇಬೇಕು ಎಂಬ ನಿಯಮ ಈಗ ರೋಟರಿಯಲ್ಲೂ ಇಲ್ಲ. 2016ರಲ್ಲಿ ನಿಯಮ ಸಡಿಲವಾಗಿ, ತಿಂಗಳಿಗೆ ಕನಿಷ್ಠ ಎರಡು ಮೀಟಿಂಗ್ ಮಾಡಿದರೆ ಸಾಕು ಎಂದಾಯಿತು. ಹಾಗಾಗಿ ನನ್ನ ಸಲಹೆ, ಒಂದು ವಾರ ಒಳಗೆ, ಮುಂದಿನ ವಾರ ಹೊರಗೆ. ಒಳಗಿನ ವಾರ ಮಾತು, ಲೆಕ್ಕ, ಅತಿಥಿ. ಹೊರಗಿನ ವಾರ ಶಾಲೆಯಲ್ಲೋ ಕಡಲ ತೀರದಲ್ಲೋ ಆಸ್ಪತ್ರೆಯಲ್ಲೋ ಎಲ್ಲರೂ ಸೇರಿ ಒಂದು ತಾಸು ಕೆಲಸ. ಹಾಜರಿ ಎರಡಕ್ಕೂ ಹಾಕಿ.

ಆ ಒಂದು ತಾಸನ್ನು ಹಂಚುವ ಬಗೆ

ಗಂಟೆ ಬಾರಿಸಿ, ಪ್ರಾರ್ಥನೆ ಅಥವಾ ನಾಡಗೀತೆ ಮುಗಿದ ಕೂಡಲೇ, ಅತಿಥಿ ಮಾತಾಡುವ ಮೊದಲೇ, ಹೋದ ವಾರದ ಕೆಲಸಗಳ ಪಟ್ಟಿ ಓದಿ. ಯಾರಿಗೆ ಯಾವ ಕೆಲಸ ಕೊಟ್ಟಿತ್ತು, ಆಯಿತಾ, ಆಗಿಲ್ಲದಿದ್ದರೆ ಏನು ಅಡ್ಡ ಬಂತು. ಇದಕ್ಕೆ ಹತ್ತು ನಿಮಿಷ. ಕೊನೆಗೆ ಇಟ್ಟರೆ ಇದು ಯಾವತ್ತೂ ನಡೆಯುವುದಿಲ್ಲ, ಯಾಕೆಂದರೆ ಕೊನೆಗೆ ಎಲ್ಲರ ಕಣ್ಣೂ ಗಡಿಯಾರದ ಮೇಲಿರುತ್ತದೆ. ಕೆಲಸ ಆಗಿಲ್ಲ ಎಂದವರನ್ನು ಎಲ್ಲರೆದುರು ಕೆದಕಬೇಡಿ. ‘ಜೊತೆಗೆ ಇನ್ನೊಬ್ಬರು ಬೇಕಾ?’ ಎಂದು ಕೇಳಿ. ಹೆಚ್ಚಿನ ಕೆಲಸಗಳು ನಿಲ್ಲುವುದು ಸೋಮಾರಿತನದಿಂದಲ್ಲ, ಒಬ್ಬರಿಗೇ ಆಫೀಸಿಗೆ ಹೋಗಿ ಕೇಳಲು ಸಂಕೋಚ ಆಗಿರುತ್ತದೆ.

ನಂತರ ಅತಿಥಿಗೆ ಇಪ್ಪತ್ತು ನಿಮಿಷ, ಪ್ರಶ್ನೆಗೆ ಹತ್ತು. ಆಮೇಲೆ ಮುಂದಿನ ವಾರದ ಕೆಲಸ ಹಂಚಿ. ಹುಟ್ಟುಹಬ್ಬದ ಶುಭಾಶಯ, ಹುಂಡಿಗೆ ಹಾಕುವ ದುಡ್ಡು, ಒಂದೆರಡು ನಗು, ಇವೂ ಬೇಕು. ಬಿಡಬೇಡಿ. ಜನ ಕ್ಲಬ್ಬಿಗೆ ಬರುವುದು ಗೆಳೆತನಕ್ಕೂ ಹೌದಲ್ವಾ? ಶಾಲು ಮತ್ತು ಹಾರ ಮಾತ್ರ ಬಿಡಬಹುದು. ಅದೇ ದುಡ್ಡಿನಲ್ಲಿ ಅತಿಥಿಯ ಹೆಸರಲ್ಲಿ ಒಂದು ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಡಿ, ಒಳಪುಟದಲ್ಲಿ ಅತಿಥಿಯ ಕೈಯಲ್ಲೇ ಸಹಿ ಮಾಡಿಸಿ. ಅವರಿಗೂ ಅದು ನೆನಪಿರುತ್ತದೆ.

ಭಾಷೆಯ ಬಗ್ಗೆಯೂ ಯೋಚಿಸಿ. ಕಾರವಾರದಲ್ಲಿ ಹತ್ತು ಜನ ಕೂತರೆ ಕನ್ನಡ, ಕೊಂಕಣಿ, ಮರಾಠಿ ಮೂರೂ ಇರುತ್ತವೆ. ಮಾತು ಯಾವುದರಲ್ಲಾದರೂ ನಡೆಯಲಿ, ನಡಾವಳಿ ಮಾತ್ರ ಕನ್ನಡದಲ್ಲಿ ಸರಳವಾಗಿ ಬರೆಯಿರಿ. ರೋಟರಿಯವರು ಓದುವ ನಾಲ್ಕು ಪ್ರಶ್ನೆಗಳನ್ನು 1932ರಲ್ಲಿ ಹರ್ಬರ್ಟ್ ಟೇಲರ್ ಬರೆದರು, ದಿವಾಳಿಯ ಅಂಚಿನಲ್ಲಿದ್ದ ಒಂದು ಕಂಪನಿಯನ್ನು ಎತ್ತಿ ನಿಲ್ಲಿಸುವ ಹೊತ್ತಿನಲ್ಲಿ. ನಾವು ಹೇಳುವುದು, ಮಾಡುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳಿತೇ ಎಂದು ಕೇಳಿಕೊಳ್ಳುವ ಪ್ರಶ್ನೆಗಳು ಅವು. ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಒಪ್ಪಿಸುವ ಬದಲು ಕನ್ನಡದಲ್ಲಿ ನಿಧಾನ ಓದಿ. ಹೊಸ ಯೋಜನೆ ಬಂದಾಗ ಅದನ್ನೇ ಎದುರಿಗಿಟ್ಟು ಚರ್ಚೆ ಮಾಡಿ.

ಅತಿಥಿಯನ್ನು ಋತು ನೋಡಿ ಕರೆಯಿರಿ

ಯಾರು ಸಿಗುತ್ತಾರೋ ಅವರನ್ನು ಕರೆಯುವುದು ಸುಲಭ. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಒಂದು ಲಯ ಇದೆ, ಅದನ್ನು ಹಿಡಿದರೆ ಅತಿಥಿಯ ಮಾತು ನೇರ ಕೆಲಸಕ್ಕೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಆ ಹೊತ್ತಿಗೆ ಬೈತಖೋಲದಲ್ಲೋ ತದಡಿಯಲ್ಲೋ ಮೀನು ಮಾರುವ ಹೆಂಗಸರಲ್ಲಿ ಒಬ್ಬರನ್ನು ಕರೆದು, ಆ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ ಎಂದು ಕೇಳಿ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ, ಪುಸ್ತಕ, ಕೊಡೆ, ರೇನ್‌ಕೋಟ್ ಬೇಕಾಗುವುದೂ ಆಗಲೇ. ಜೂನ್ ಬಂದ ಮೇಲೆ ಚಂದಾ ಎತ್ತಿದರೆ ತಡವಾಯಿತು, ಏಪ್ರಿಲ್‌ನಲ್ಲೇ ಎತ್ತಿಡಿ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ತಾಲೂಕು ಆಡಳಿತದವರನ್ನೋ ಅಗ್ನಿಶಾಮಕ ದಳದವರನ್ನೋ ಕರೆಯಿರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು, ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ನಮಗ್ಯಾರಿಗೂ ಮರೆಯುವಂಥದ್ದಲ್ಲ. ಇಂಥ ಹೊತ್ತಿನಲ್ಲಿ ಕ್ಲಬ್ ಮಾಡಬೇಕಾದ್ದು ಮೊದಲೇ ತಯಾರಾದ ಒಂದು ಪುಟದ ಪಟ್ಟಿ. ಯಾರ ಹತ್ತಿರ ಜೀಪ್ ಇದೆ, ಯಾರ ಹತ್ತಿರ ಜನರೇಟರ್ ಇದೆ, ಯಾರ ಸಭಾಭವನದಲ್ಲಿ ಜನ ಮಲಗಬಹುದು, ದೊಡ್ಡ ಪಾತ್ರೆ ಎಲ್ಲಿ ಸಿಗುತ್ತದೆ, ಈಜು ಬಲ್ಲವರು ಯಾರು. ಜಿಲ್ಲಾ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸ್ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112, ಈ ಮೂರನ್ನೂ ಅದೇ ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಅವಘಡ ಆದಾಗ ಸುಮ್ನೆ ಜಾಗಕ್ಕೆ ಓಡಬೇಡಿ. ಏನು ಬೇಕು ಎಂದು ತಹಶೀಲ್ದಾರ್ ಕಚೇರಿಗೆ ಕೇಳಿ. ಕೇಳದೆ ಹೋದರೆ ಎಲ್ಲರೂ ಬಿಸ್ಕತ್ತು, ಹಳೇ ಬಟ್ಟೆ ತಂದು ರಾಶಿ ಹಾಕುತ್ತಾರೆ, ಸ್ಯಾನಿಟರಿ ಪ್ಯಾಡು, ಬಿಪಿ ಮಾತ್ರೆ, ಒಣ ಹೊದಿಕೆ ಯಾರೂ ತಂದಿರುವುದಿಲ್ಲ.

ಘಟ್ಟದ ಮೇಲಿನ ಕ್ಲಬ್ಬುಗಳಿಗೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ತಾಲೂಕು ಆರೋಗ್ಯಾಧಿಕಾರಿಯನ್ನು ನವೆಂಬರ್‌ನಲ್ಲೇ ಕರೆಯಿರಿ. ದರಕು (ಒಣಗಿದ ಎಲೆ) ತರಲು, ಸೊಪ್ಪಿಗೆ, ಕಟ್ಟಿಗೆಗೆ ಕಾಡಿಗೆ ಹೋಗುವವರಿಗೆ ಈ ಕಾಯಿಲೆ ಹರಡುವ ಉಣ್ಣೆ ಹುಳ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ತಲುಪಿದೆಯೇ, ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು, ಇಷ್ಟನ್ನು ಮನೆ ಮನೆಗೆ ಹೇಳಿ ಬಂದರೂ ಅದು ದೊಡ್ಡ ಸೇವೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವರ್ಷ ಜನವರಿಯಿಂದಲೇ ನೀರು, ಶೌಚಾಲಯ, ತಪ್ಪಿಸಿಕೊಂಡ ಮಕ್ಕಳ ವಿಚಾರ ಮೀಟಿಂಗ್‌ನಲ್ಲಿ ಇರಬೇಕು.

ಅತಿಥಿಗೆ ಎರಡು ವಾರ ಮೊದಲು ಫೋನ್ ಮಾಡಿ. ಹೊತ್ತು ಎಷ್ಟು ಎಂದು ಹೇಳಿ. ಕೊನೆಗೆ ಒಂದೇ ಒಂದು ಪ್ರಶ್ನೆ ಇರುತ್ತದೆ ಎಂದೂ ಮೊದಲೇ ತಿಳಿಸಿ: ‘ಮುಂದಿನ ತಿಂಗಳೊಳಗೆ ನಮ್ಮ ಕ್ಲಬ್ ಮಾಡಬಹುದಾದ ಒಂದು ಕೆಲಸ ಯಾವುದು?’ ಶಿರಸಿಯಿಂದ ಯಾರನ್ನಾದರೂ ಕರೆಯುವುದಾದರೆ ಮಳೆಗಾಲದಲ್ಲಿ ಸಂಜೆ ಬೇಡ, ರಾತ್ರಿ ದೇವಿಮನೆ ಘಟ್ಟ ಹತ್ತಿಸಿ ಕಳಿಸುವುದು ಸರಿಯಲ್ಲ.

ಒಂದು ಕೆಲಸ, ಒಂದು ಹೆಸರು, ಒಂದು ತಾರೀಕು

‘ರಕ್ತದಾನ ಶಿಬಿರ ಮಾಡೋಣ’ ಅನ್ನುವುದು ಕೆಲಸ ಅಲ್ಲ, ಆಸೆ. ಇದನ್ನೇ ಹಿಡಿದು ವಾರ ವಾರ ಹೇಗೆ ಸಾಗಬೇಕು ಎಂದು ನೋಡೋಣ, ಬೇರೆ ಯಾವ ಯೋಜನೆಗೂ ಇದೇ ದಾರಿ.

ಮೊದಲ ವಾರ ಒಬ್ಬರು ರಕ್ತನಿಧಿಗೆ ಹೋಗಿ ಬರಬೇಕು. ಕಾರವಾರದಲ್ಲಾದರೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ. ಯಾವ ತಿಂಗಳು ರಕ್ತ ಕಡಿಮೆ ಬೀಳುತ್ತದೆ, ಒಂದು ದಿನಕ್ಕೆ ಎಷ್ಟು ಜನರದ್ದು ತೆಗೆದುಕೊಳ್ಳಲು ಆಗುತ್ತದೆ, ಯಾವ ಗುಂಪು ಸಿಗುವುದಿಲ್ಲ, ಇಷ್ಟು ಕೇಳಿ. ಇದನ್ನು ಕೇಳದೆ ದಿನ ನಿಗದಿ ಮಾಡುವವರೇ ಜಾಸ್ತಿ. ಕೆಂಪು ರಕ್ತಕಣ ಇಡಬಹುದಾದದ್ದು ಸುಮಾರು 35ರಿಂದ 42 ದಿನ. ಪ್ಲೇಟ್‌ಲೆಟ್ ಆದರೆ ಐದೇ ದಿನ. ಹಾಗಿರುವಾಗ ಒಂದೇ ದಿನ ದಾಖಲೆ ಮಾಡುವಷ್ಟು ರಕ್ತ ಸಂಗ್ರಹಿಸಿ ಬ್ಯಾನರ್ ಹಾಕುವುದಕ್ಕಿಂತ, ಎರಡು ತಿಂಗಳಿಗೊಂದು ಸಣ್ಣ ಶಿಬಿರ ಮಾಡುವುದು ರೋಗಿಗೆ ಹೆಚ್ಚು ಉಪಕಾರ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಎಲ್ಲರೂ ಅವತ್ತೇ ಮಾಡುತ್ತಾರೆ, ನೀವು ಬೇರೆ ದಿನ ಹಿಡಿಯಿರಿ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ರಕ್ತ ಕೊಡುವ ಹುಡುಗರು ಊರಲ್ಲಿರುವುದಿಲ್ಲ. ಕ್ಲಬ್ ಬೇಕಾಗುವುದು ಆಗಲೇ.

ಎರಡನೇ ವಾರ ಜಾಗ ಮತ್ತು ತಾರೀಕು. ಮಂಚ ಹಾಕಲು ಗಾಳಿಯಾಡುವ ಕೋಣೆ, ಕರೆಂಟು ಹೋದರೆ ಬದಲಿ ವ್ಯವಸ್ಥೆ, ಕುಡಿಯುವ ನೀರು, ಶೌಚಾಲಯ ಇರಬೇಕು. ಪಂಚಾಂಗ ನೋಡಿ. ಶ್ರಾವಣದ ಸೋಮವಾರ, ಶನಿವಾರ, ಏಕಾದಶಿ, ಸಂಕಷ್ಟಿ ಬಿಡಿ, ಭಟ್ಕಳದ ಕಡೆ ರಂಜಾನ್ ತಿಂಗಳನ್ನೂ ಬಿಡಿ. ಉಪವಾಸ ಇರುವವರು ರಕ್ತ ಕೊಡುವಂತಿಲ್ಲ. ಹೊಟ್ಟೆ ತುಂಬ ತಿಂದು, ನೀರು ಕುಡಿದು ಬನ್ನಿ ಎಂದು ಕರಪತ್ರದಲ್ಲೇ ಬರೆಯಿರಿ.

ಮೂರನೇ ವಾರ ಜನರನ್ನು ಕೇಳುವುದು. ವಾಟ್ಸಾಪ್‌ನಲ್ಲಿ ಪೋಸ್ಟರ್ ಹಾಕಿದರೆ ಹೆಬ್ಬೆರಳು ಬರುತ್ತದೆ, ಮನುಷ್ಯರು ಬರುವುದಿಲ್ಲ. ಪ್ರತಿ ಸದಸ್ಯರು ಮೂವರಿಗೆ ಮುಖತಃ ಹೇಳಬೇಕು. ನಿಯಮಗಳನ್ನು ಮೊದಲೇ ಹೇಳಿದರೆ ಬಂದು ವಾಪಸಾಗುವ ಬೇಸರ ತಪ್ಪುತ್ತದೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಕೊಟ್ಟವರ ಹೆಸರು, ಗುಂಪು, ತಾರೀಕು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ದಿನ ಬಂದಾಗ ನೀವೇ ಫೋನ್ ಮಾಡಿ. ಆ ಪುಸ್ತಕ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಜನರ ನಂಬರ್ ಇರುವ ಪಟ್ಟಿಯನ್ನು ಗ್ರೂಪ್‌ಗೆ ಹಾಕಬಾರದು, ಕೇಳಿದವರಿಗೆಲ್ಲ ಕೊಡಬಾರದು.

ಶಿಬಿರ ಮುಗಿದ ಮೇಲಿನ ವಾರ ಎಷ್ಟು ಯೂನಿಟ್ ಆಯಿತು ಎಂಬುದರ ಜೊತೆ ಎಷ್ಟು ಜನ ವಾಪಸಾದರು, ಯಾಕೆ ಎಂಬುದನ್ನೂ ಓದಿ. ನನಗೆ ಈ ಎರಡನೇ ಲೆಕ್ಕವೇ ಹೆಚ್ಚು ಮುಖ್ಯ ಅನಿಸುತ್ತದೆ. ವಾಪಸಾದ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನರಿಗೆ ಹಿಮೋಗ್ಲೋಬಿನ್ ಸಾಲದೆ ಇರುತ್ತದೆ. ಅವರನ್ನು ‘ಆಗಲ್ಲ ಅಮ್ಮಾ, ಹೋಗಿ’ ಎಂದು ಕಳಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಒಬ್ಬ ಡಾಕ್ಟರ್ ಸದಸ್ಯರು ಅಲ್ಲೇ ಕೂತು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದು, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಕ್ಲಬ್ಬಿಗೆ ಮುಂದಿನ ಕೆಲಸ ತಾನಾಗೇ ಸಿಕ್ಕಿತು.

ಹೊರಗಿನ ವಾರ ಕಡಲ ತೀರಕ್ಕೆ ಹೋಗುವುದಾದರೆ

ಟಾಗೋರ್ ತೀರವೋ ಮಾಜಾಳಿಯೋ ಕಾಸರಕೋಡೋ, ಸ್ವಚ್ಛತೆಗೆ ಹೋಗುವ ಮೊದಲು ಉಬ್ಬರ ಇಳಿತದ ಹೊತ್ತು ನೋಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ, ಮುಂದಿನ ಭಾನುವಾರ ಅದೇ ಏಳಕ್ಕೆ ಹೆಚ್ಚುಕಡಿಮೆ ಉಬ್ಬರ ಇರುತ್ತದೆ. ಒಂದು ವಾರ ಮುಂದೂಡಿದರೆ ಹೊತ್ತನ್ನೂ ಬದಲಿಸಬೇಕು. ನೀರು ಇಳಿಯುವಾಗ ಶುರು ಮಾಡಿದರೆ ಕೆಲಸ ಸುಲಭ. ಮೀನುಗಾರರಿಗೆ ಇದು ಬಾಯಿಪಾಠ, ಅವರನ್ನೇ ಕೇಳಿ.

ನಗರಸಭೆ ಅಥವಾ ಪಂಚಾಯಿತಿಯ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹಿಂದಿನ ದಿನವೇ ಖಚಿತ ಮಾಡಿಕೊಳ್ಳಿ. ಗಾಡಿ ಬಾರದಿದ್ದರೆ ಕಟ್ಟಿಟ್ಟ ಚೀಲಗಳು ಮುಂದಿನ ಉಬ್ಬರಕ್ಕೆ ಮತ್ತೆ ಕಡಲಿಗೆ. ಹರಿದ ಬಲೆ, ಗಾಜು, ಪ್ಲಾಸ್ಟಿಕ್ ಬೇರೆ ಬೇರೆ ಚೀಲಕ್ಕೆ ಹಾಕಿ, ಕೈಗೆ ದಪ್ಪ ಕೈಗವಸು ಇರಲಿ. ಚಳಿಗಾಲ ಕಳೆಯುವ ತಿಂಗಳುಗಳಲ್ಲಿ ನಮ್ಮ ತೀರದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಆಗ ಮರಳು ಕೆದಕಬೇಡಿ, ಜೆಸಿಬಿ ಅಂತೂ ಬೇಡವೇ ಬೇಡ. ಅರಣ್ಯ ಇಲಾಖೆಗೆ ಒಂದು ಮಾತು ಹೇಳಿ ಹೋಗಿ.

ವಾರದ ಪತ್ರ

ಪ್ರತಿ ವಾರ ಒಂದು ಪುಟ. ಮೀಟಿಂಗ್ ಆದ ಮರುದಿನ ಮಧ್ಯಾಹ್ನದೊಳಗೆ ಕಳಿಸಿಬಿಡಿ, ತಡವಾದರೆ ಬರೆಯುವ ಹುಮ್ಮಸ್ಸೂ ಹೋಗುತ್ತದೆ, ಓದುವ ಹುಮ್ಮಸ್ಸೂ ಹೋಗುತ್ತದೆ. ಹೆಚ್ಚಿನವರು ಇದನ್ನು ‘ಮಾನ್ಯ ಅಧ್ಯಕ್ಷರ ಘನ ಅಧ್ಯಕ್ಷತೆಯಲ್ಲಿ’ ಎಂದು ಶುರು ಮಾಡುತ್ತಾರೆ. ಅದನ್ನು ಬಿಟ್ಟು ಕೆಲಸದಿಂದ ಶುರು ಮಾಡಿ. ಉದಾಹರಣೆಗೆ ಹೀಗೆ: ‘ಶಾಲೆಯ ನೀರಿನ ಫಿಲ್ಟರ್ ಕೂರಿಸಿ ಆಯಿತು. ಕ್ಯಾಂಡಲ್ ಆರು ತಿಂಗಳಿಗೊಮ್ಮೆ ಬದಲಿಸಬೇಕು, ಜವಾಬ್ದಾರಿ ಖಜಾಂಚಿಯವರದ್ದು, ಮುಂದಿನ ತಾರೀಕು ಜನವರಿ 10. ಕನ್ನಡಕ ವಿತರಣೆ ಬಾಕಿ ಇದೆ, ಅಂಗಡಿಯಿಂದ ಇನ್ನೂ ಬಂದಿಲ್ಲ, ಶನಿವಾರ ಹೋಗಿ ವಿಚಾರಿಸುತ್ತೇವೆ.’ ಇಷ್ಟು ಓದಿದ ಸದಸ್ಯನಿಗೆ ಕ್ಲಬ್ ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಬಾಕಿ ಇರುವುದನ್ನು ಮುಚ್ಚಿಡಬೇಡಿ. ಅದನ್ನು ಓದಿಯೇ ಯಾರೋ ಒಬ್ಬರು ‘ಆ ಅಂಗಡಿಯವರು ನನಗೆ ಪರಿಚಯ’ ಎಂದು ಮುಂದೆ ಬರುತ್ತಾರೆ.

ಆಮೇಲೆ ಅತಿಥಿ ಹೇಳಿದ್ದರಲ್ಲಿ ಉಪಯೋಗಕ್ಕೆ ಬರುವ ನಾಲ್ಕು ಸಾಲು, ಮುಂದಿನ ವಾರದ ಕೆಲಸ ಮತ್ತು ಹೆಸರು, ಹುಟ್ಟುಹಬ್ಬ, ವಾರದ ಲೆಕ್ಕ.

ಫೋಟೋ ವಿಷಯ ಗಟ್ಟಿಯಾಗಿ ಹೇಳಲೇಬೇಕು. ಒಬ್ಬ ಅಜ್ಜಿಗೆ ಐದು ಕಿಲೋ ಅಕ್ಕಿ ಕೊಡುವಾಗ ಹನ್ನೆರಡು ಜನ ಆ ಚೀಲಕ್ಕೆ ಕೈ ಹಚ್ಚಿ ನಿಂತು ತೆಗೆಸಿಕೊಂಡ ಫೋಟೋ ದಯವಿಟ್ಟು ಹಾಕಬೇಡಿ. ಆ ಅಜ್ಜಿಯ ಮೊಮ್ಮಗ ಅದೇ ಊರಿನ ಶಾಲೆಗೆ ಹೋಗುತ್ತಾನೆ, ಅವನ ಗೆಳೆಯರ ಮನೆಯಲ್ಲೂ ಫೋನ್ ಇದೆ. ಪಡೆದವರ ಮುಖ, ಹೆಸರು, ಕಾಯಿಲೆ ಯಾವುದೂ ಪತ್ರದಲ್ಲಿ ಬರಬಾರದು. ದುರಸ್ತಿಯಾದ ಶೌಚಾಲಯ, ಬಣ್ಣ ಬಳಿದ ಗೋಡೆ, ಕೆಲಸ ಮಾಡುತ್ತಿರುವ ಸದಸ್ಯರು, ಇವರ ಫೋಟೋ ಹಾಕಿ. ಮಕ್ಕಳ ಫೋಟೋ ಬೇಕೇ ಬೇಕು ಎಂದಾದರೆ ಹೆತ್ತವರನ್ನೂ ಶಾಲೆಯನ್ನೂ ಕೇಳಿ.

ದುಡ್ಡು

ಕ್ಲಬ್ ನಡೆಸುವ ಖರ್ಚಿನ ದುಡ್ಡು ಬೇರೆ, ಸೇವೆಗೆ ಜನ ಕೊಟ್ಟ ದುಡ್ಡು ಬೇರೆ. ಎರಡಕ್ಕೂ ಬೇರೆ ಬೇರೆ ಖಾತೆ ಇರಲಿ. ಸೇವೆಗೆ ಬಂದ ದುಡ್ಡಿನಿಂದ ಮೀಟಿಂಗ್‌ನ ಚಾ ಕೂಡ ಕುಡಿಯಬಾರದು. ಖಜಾಂಚಿಯವರು ಪ್ರತಿ ವಾರ ಎರಡು ನಿಮಿಷ ನಿಂತು ಬಂದದ್ದು, ಹೋದದ್ದು, ಉಳಿದದ್ದು ಓದಲಿ. ವರ್ಷಕ್ಕೊಮ್ಮೆ ಓದಿದರೆ ಯಾರಿಗೂ ಅರ್ಥವಾಗುವುದಿಲ್ಲ. ಹತ್ತು ರೂಪಾಯಿಗೂ ರಸೀದಿ ಕೊಡಿ. ತೆರಿಗೆ ವಿನಾಯಿತಿ ಸಿಗುವ ಟ್ರಸ್ಟ್ ನಿಮ್ಮದಾಗಿದ್ದರೆ, 2,000 ರೂಪಾಯಿಗಿಂತ ಜಾಸ್ತಿ ನಗದಿನಲ್ಲಿ ಕೊಟ್ಟರೆ ವಿನಾಯಿತಿ ಇಲ್ಲ ಎಂದು ದಾನಿಗೆ ಮೊದಲೇ ಹೇಳಿ, ಚೆಕ್ ಅಥವಾ ಬ್ಯಾಂಕ್ ಮೂಲಕ ಪಡೆಯಿರಿ.

ಬಾರದವರಿಗೆ ಫೋನ್

ಎರಡು ಮೀಟಿಂಗ್‌ಗೆ ಬಾರದ ಸದಸ್ಯರಿಗೆ ಒಬ್ಬರು ಫೋನ್ ಮಾಡಲಿ. ಯಾಕೆ ಬರಲಿಲ್ಲ ಎಂದು ಲೆಕ್ಕ ಕೇಳಲು ಅಲ್ಲ, ಹುಷಾರಾಗಿದ್ದೀರಾ ಎಂದು ಕೇಳಲು. ನೂರೆಂಟು ಕಡೆ ಸೇವೆ ಮಾಡುವ ಕ್ಲಬ್ಬಿಗೆ ತನ್ನದೇ ಸದಸ್ಯ ಆಸ್ಪತ್ರೆಯಲ್ಲಿದ್ದದ್ದು ಗೊತ್ತಾಗದೆ ಹೋಗಬಾರದು. ವರ್ಗವಾಗಿ ಬಂದ ನೌಕರರು, ಶಿಕ್ಷಕರು, ಬ್ಯಾಂಕಿನವರು ಕಾರವಾರದಂಥ ಊರಲ್ಲಿ ಬಹಳ. ಅವರಿಗೆ ಮೊದಲ ತಿಂಗಳಲ್ಲೇ ಸಣ್ಣದಾದರೂ ಒಂದು ಕೆಲಸ ಕೊಡಿ. ಕೆಲಸ ಇಲ್ಲದವರು ಹಿಂದಿನ ಸಾಲಿನಲ್ಲಿ ಕೂತು ನಿಧಾನಕ್ಕೆ ಬಿಟ್ಟುಹೋಗುತ್ತಾರೆ.

ಕೈ ಬದಲಾಗುವಾಗ

ರೋಟರಿ, ಲಯನ್ಸ್ ಎರಡಕ್ಕೂ ವರ್ಷ ಮುಗಿಯುವುದು ಜೂನ್ 30ಕ್ಕೆ, ಮರುದಿನವೇ ಹೊಸಬರು ಬರುತ್ತಾರೆ. ಎಷ್ಟೋ ಒಳ್ಳೆಯ ಕೆಲಸ ನಿಲ್ಲುವುದು ಈ ಒಂದು ರಾತ್ರಿಯಲ್ಲಿ. ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾದದ್ದು 2014ರ ಮಾರ್ಚ್‌ನಲ್ಲಿ, ರೋಟರಿ ಆ ಅಭಿಯಾನ ಶುರು ಮಾಡಿದ್ದು 1985ರಲ್ಲಿ. ನಡುವೆ ಎಷ್ಟು ಅಧ್ಯಕ್ಷರು ಬಂದು ಹೋಗಿರಬೇಕು ಯೋಚಿಸಿ. ಪ್ರತಿಯೊಬ್ಬರೂ ‘ಇದು ಹಿಂದಿನವರ ಯೋಜನೆ’ ಎಂದು ಬದಿಗಿಟ್ಟಿದ್ದರೆ?

ಹಾಗಾಗಿ ಜೂನ್ ಮೊದಲ ವಾರದಿಂದಲೇ ಹೊಸ ಸೆಕ್ರೆಟರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವಾರದ ಪತ್ರಗಳನ್ನೆಲ್ಲ ತಾರೀಕಿನಂತೆ ಜೋಡಿಸಿ ಫೈಲ್ ಮಾಡಿ. ರಕ್ತದಾನಿಗಳ ಪುಸ್ತಕ, ಮಳೆಗಾಲದ ಒಂದು ಪುಟದ ಪಟ್ಟಿ, ಎರಡೂ ಖಾತೆಯ ಪಾಸ್‌ಬುಕ್ ಕೈಗೆ ಕೊಡಿ. ಎಲ್ಲಕ್ಕಿಂತ ಮೇಲೆ, ಮುಗಿಯದೆ ಉಳಿದ ಕೆಲಸಗಳ ಒಂದು ಹಾಳೆ ಇಡಿ. ಯಾವ ಆಫೀಸಿನಲ್ಲಿ ಯಾವ ಅರ್ಜಿ ಇದೆ, ಯಾವ ಶಾಲೆಗೆ ಏನು ಮಾತು ಕೊಟ್ಟಿದ್ದೀರಿ, ಯಾವ ಫಿಲ್ಟರ್‌ನ ಕ್ಯಾಂಡಲ್ ಯಾವಾಗ ಬದಲಿಸಬೇಕು. ಹೊಸ ವರ್ಷದ ಮೊದಲ ಮೀಟಿಂಗ್‌ನಲ್ಲಿ ಗಂಟೆ ಬಾರಿಸಿದ ಮೇಲೆ ಓದಬೇಕಾದದ್ದು ಆ ಹಾಳೆ.